ಚೀಲಕ್ಕೊಂದು ಸೀಟು

ಆಳಂದದಿಂದ ಅಫಜಲಪುರಕ್ಕೆ ಬೆಳಿಗ್ಗೆ ಹೊರಡುವ ಬಸ್ಸಿನಲ್ಲಿ ಓಡಾಡಿ ಓಡಾಡಿಯೇ ನನ್ನ ತಲೆ ಬೆಳ್ಳಗಾಯಿತು. ನಾನು ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುವ ಮಾಸ್ತರ. ದಿನಾ ಪ್ರಾರ್ಥನೆಯ ಹೊತ್ತಿಗೆ ಮಕ್ಕಳಿಂದ ಸಂವಿಧಾನದ ಪೀಠಿಕೆ ಓದಿಸುತ್ತೇನೆ. ನ್ಯಾಯ, ಸಮಾನತೆ ಎಂಬಲ್ಲಿ ಯಾರಾದರೂ ತೊದಲಿದರೆ ಕಣ್ಣು ಕೆಕ್ಕರಿಸುತ್ತೇನೆ. ಆದರೆ ಶಾಲೆ ಮುಟ್ಟುವವರೆಗಿನ ಹಾದಿಯಲ್ಲಿ ನಡೆಯುವ ಕಾನೂನೇ ಬೇರೆ. ಅದು ಟವೆಲ್ಲಿನ ಕಾನೂನು.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ಬಸ್ಸು ನಿಲ್ದಾಣದೊಳಗೆ ಹಿಮ್ಮುಖವಾಗಿ ಬರುವಾಗಲೇ ಅದರ ಮಗ್ಗುಲಿಗೆ ಓಡಬೇಕು. ಕಿಟಕಿಯೊಳಗೆ ಕೈಹಾಕಿ ಹೆಗಲ ಮೇಲಿನ ಟವೆಲ್ಲನ್ನು ಸೀಟಿನ ಮೇಲೆ ಒಗೆಯಬೇಕು. ಟವೆಲ್ ಬಿತ್ತೋ, ಸೀಟು ನಿಮ್ಮದು. ಆಮೇಲೆ ಚಹಾ ಕುಡಿಯಿರಿ, ಎಲೆ ಅಡಿಕೆ ಹಾಕಿಕೊಳ್ಳಿರಿ, ನಿಮ್ಮ ಸೀಟನ್ನು ಯಾರೂ ಮುಟ್ಟುವುದಿಲ್ಲ. ಟವೆಲ್ಲಿಗೆ ಜಾತಿಯಿಲ್ಲ, ಧರ್ಮವಿಲ್ಲ, ಇಷ್ಟು ಚಂದದ ಕಾನೂನು ದೇಶದಲ್ಲೆಲ್ಲೂ ಇಲ್ಲ ಎಂದು ನಾನು ಕಂಡಕಂಡವರ ಮುಂದೆ ಕೊಚ್ಚಿಕೊಳ್ಳುತ್ತಿದ್ದೆ.

ಆ ಬಸ್ಸಿನಲ್ಲಿ ಒಬ್ಬರು ಸಾವ್ಕಾರರು ಬರುತ್ತಿದ್ದರು. ತೊಗರಿ ವ್ಯಾಪಾರ, ಹೊಲ, ಮನೆ ಎಲ್ಲ ಇದ್ದವರು. ಕಾರೂ ಇತ್ತು, ಆದರೆ ಅದನ್ನು ಮಗ ಕೊಡುತ್ತಿರಲಿಲ್ಲ. ಅವರ ಆಳು ನಿಲ್ದಾಣದಲ್ಲಿ ಟವೆಲ್ ಹಾಕಿ ಹೋಗುತ್ತಿದ್ದ, ಇವರು ಊರಾಚೆಯ ಕ್ರಾಸಿನಲ್ಲಿ ಹತ್ತುತ್ತಿದ್ದರು. ಹಾಕುತ್ತಿದ್ದುದು ಒಂದಲ್ಲ, ಎರಡು ಟವೆಲ್. ಒಂದು ಅವರಿಗೆ, ಇನ್ನೊಂದು ಅವರ ಕೈಚೀಲಕ್ಕೆ. ಚೀಲಕ್ಕೆ ಯಾವಾಗಲೂ ಕಿಟಕಿ ಪಕ್ಕದ ಸೀಟು. ಪ್ರವಚನ ಎಲ್ಲೇ ಇರಲಿ, ಮುಂದಿನ ಸಾಲಿನಲ್ಲಿ ಕುಳಿತು ಮನುಷ್ಯರೆಲ್ಲ ಒಂದೇ ಎಂಬ ಮಾತಿಗೆ ತಲೆದೂಗುವವರು ಇದೇ ಸಾವ್ಕಾರರು. ಬಸ್ಸಿನಲ್ಲಿ ಮಾತ್ರ ಕೇರಿಯ ಕಡೆಯವರು ಯಾರಾದರೂ ಪಕ್ಕಕ್ಕೆ ಬಂದು ಕೂತಾರು ಎಂಬ ಭಯ. ಅದು ನಮಗೆಲ್ಲ ಗೊತ್ತಿತ್ತು. ಆದರೂ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಆ ಸೀಟನ್ನು ‘ಚೀಲದ ಸೀಟು’ ಎಂದಷ್ಟೇ ಕರೆಯುತ್ತಿದ್ದೆವು.

ಹೀಗಿರುವಾಗ ಬಸ್ಸಿಗೊಬ್ಬರು ಹೊಸ ಅಕ್ಕೋರು ಬರತೊಡಗಿದರು. ನಮ್ಮ ಶಾಲೆಯ ಪಕ್ಕದ ಪ್ರಾಥಮಿಕ ಶಾಲೆಯ ಅತಿಥಿ ಶಿಕ್ಷಕಿ. ಆಳಂದದ ಕೇರಿಯ ಮಗಳು, ಬಿ.ಎಡ್. ಮಾಡಿದವಳು, ಏಳನೇ ತಿಂಗಳ ಬಸುರಿ. ಹೆಂಗಸರಿಗೆ ಟಿಕೆಟ್ ಪುಕ್ಕಟೆಯಾದ ಮೇಲೆ ಮುಂದಿನ ಸೀಟುಗಳು ಬಸ್ಸು ನಿಲ್ಲುವ ಮೊದಲೇ ತುಂಬಿರುತ್ತಿದ್ದವು. ಈಕೆ ಎಲ್ಲರೂ ಹತ್ತಿದ ಮೇಲೆ ಹತ್ತಿ ಕಂಬ ಹಿಡಿದು ನಿಲ್ಲುತ್ತಿದ್ದಳು. ಟವೆಲ್ ಯಾಕೆ ಹಾಕುವುದಿಲ್ಲ ಎಂದು ನಾನೊಮ್ಮೆ ಗದರಿದ್ದಕ್ಕೆ ನಕ್ಕಳು. ಎಲ್ಲರದೂ ಆದ ಮೇಲೆ ಹತ್ತಬೇಕು ಎಂದು ಅವ್ವ ಚಿಕ್ಕಂದಿನಿಂದ ಕಲಿಸಿದ್ದಳಂತೆ. ಡಾಕ್ಟರು ಮಾತ್ರ ಇಷ್ಟು ದೂರ ನಿಂತುಕೊಂಡು ಹೋಗಲೇಬೇಡ, ಆಗದಿದ್ದರೆ ಕೆಲಸ ಬಿಡು ಎಂದಿದ್ದರು. ಬಿಟ್ಟರೆ ಆ ಜಾಗಕ್ಕೆ ಮರುದಿನವೇ ಇನ್ನೊಬ್ಬರು ಬರುತ್ತಾರೆ, ಮತ್ತೆ ಸಿಗುವುದಿಲ್ಲ. ಗಂಡನಿಗೆ ಖಾಯಂ ಕೆಲಸವೂ ಇಲ್ಲ.

ಮೊದಲು ನಾವು ಪಾಳಿಯ ಮೇಲೆ ಎದ್ದು ಸೀಟು ಬಿಟ್ಟುಕೊಟ್ಟೆವು. ಒಂದು ದಿನ ನಾನು, ಒಂದು ದಿನ ಬಳೆ ಮಾರುವ ಚಾಚಿ, ಇನ್ನೊಂದು ದಿನ ಮಹಾರಾಷ್ಟ್ರದ ಗಡಿಯಿಂದ ಬರುವ ಎಮ್ಮೆ ವ್ಯಾಪಾರಿ ಕಾಕಾ. ಕೆಲವು ದಿನವಾದ ಮೇಲೆ ಕಾಕಾನಿಗೆ ಸೊಂಟನೋವು ಬಂತು, ಚಾಚಿಗೆ ಬಳೆ ಬುಟ್ಟಿ ಭಾರವಾಯಿತು, ನನಗೆ ಕಿಟಕಿಯಾಚೆಯ ಜೋಳದ ಹೊಲ ನೋಡುವ ಹುಚ್ಚು ಹತ್ತಿತು. ಆಕೆಗೂ ದಿನಾ ಒಬ್ಬರನ್ನು ಎಬ್ಬಿಸಿ ಕೂರಲು ಸಂಕೋಚ. ಅಷ್ಟೂ ದಿನ ಚೀಲ ಮಾತ್ರ ಆರಾಮಾಗಿ ಗಾಳಿ ತೆಗೆದುಕೊಳ್ಳುತ್ತ ಹೋಗುತ್ತಿತ್ತು. ನನ್ನ ಮೈ ಉರಿಯುತ್ತಿತ್ತು.

ಕೊನೆಗೊಂದು ದಿನ ಬಾಯಿಬಿಟ್ಟವಳು ಚಾಚಿ. ರಸ್ತೆಯ ತಗ್ಗಿಗೆ ಬಸ್ಸು ಎಗರಿ, ಅಕ್ಕೋರು ಹೊಟ್ಟೆ ಹಿಡಿದುಕೊಂಡು ಕಂಬಕ್ಕೆ ಆತುಕೊಂಡಳು. ಚಾಚಿ ಅದನ್ನು ನೋಡಿದಳು, ಆಮೇಲೆ ಚೀಲವನ್ನು ನೋಡಿದಳು.

“ಸಾವ್ಕಾರ್ರ, ನಿಮ್ಮ ಚೀಲಕ್ಕ ಎಷ್ಟನೇ ತಿಂಗಳ್ರಿ?”

ಬಸ್ಸಿಗೆ ಬಸ್ಸೇ ನಕ್ಕಿತು. ಸಾವ್ಕಾರರು ನಗಲಿಲ್ಲ. ತಾವು ರೊಕ್ಕ ಕೊಟ್ಟು ಕೂರುವವರು, ಪುಕ್ಕಟೆ ಬರುವವರ ಮಾತು ಕೇಳಬೇಕೇನು ಎಂದರು. ಟಿಕೆಟ್ ತನ್ನ ಕೆಲಸ, ಟವೆಲ್ ತನ್ನದಲ್ಲ ಎಂದು ಕಂಡಕ್ಟರ್ ಹಿಂದಕ್ಕೆ ಸರಿದ. ಆಗ ಸಾವ್ಕಾರರು ನನ್ನ ಕಡೆ ತಿರುಗಿದರು.

“ಮಾಸ್ತರ್ರ, ನೀವ ಹೇಳ್ರಿ. ಮೊದ್ಲ ಅರಿವಿ ಯಾರದು ಬೀಳ್ತದ ಸೀಟ ಅವರ್ದು. ಹತ್ತೋ ಮನಷಾ ಮುಂದ ಯಾವಾಗರ ಹತ್ಲಿ. ಹೌದಲ್ರಿ?”

ಕಾನೂನು ಹಾಗೇ ಇತ್ತು. ವರ್ಷಗಟ್ಟಲೆ ಅದನ್ನು ಹೊಗಳಿದವನೂ ನಾನೇ. ಹೌದ್ರಿ ಎಂದೆ, ಆದರೆ ಹಲ್ಲು ಕಡಿದುಕೊಂಡು.

ಸಂಜೆ ನಿಲ್ದಾಣದ ಚಹಾ ಅಂಗಡಿಯಲ್ಲಿ ಚಾಚಿ, ಕಾಕಾ, ನಾನು ಸಭೆ ಸೇರಿದೆವು. ಎಲ್ಲ ಜಾತಿ ಜನಾಂಗದವರೂ ಒಗ್ಗಟ್ಟಾಗಿ ನಿಂತರೆ ಎಂಥ ಸಾವ್ಕಾರನೂ ಏನೂ ಮಾಡಲಾರ ಎಂದು ನಾನು ಒಂದು ಪಿರಿಯಡ್ಡಿನಷ್ಟು ಭಾಷಣ ಮಾಡಿದೆ. ಕಾಕಾ ಅರ್ಧ ಮರಾಠಿಯಲ್ಲಿ ಹೌದೌದೆಂದ. ನಾಳೆ ಅಕ್ಕೋರ ಸಲುವಾಗಿ ನಾವೇ ಒಂದು ಸೀಟು ಹಿಡಿಯುವುದೆಂದು ಠರಾವಾಯಿತು. ಯಾವ ಸೀಟು, ಯಾರು ಹಿಡಿಯಬೇಕು ಎಂಬ ಮಾತು ಮಾತ್ರ ಚಹಾದ ಜೊತೆ ಆರಿಹೋಯಿತು.

ಮರುದಿನ ಬಸ್ಸು ಬಂತು. ಮೂವರೂ ಓಡಿದೆವು. ನನ್ನ ಟವೆಲ್, ಕಾಕಾನ ಟವೆಲ್, ಚಾಚಿಯ ದುಪಟ್ಟಾ, ಮೂರೂ ಹೋಗಿ ಒಂದೇ ಸೀಟಿನ ಮೇಲೆ ಬಿದ್ದವು. ಅಲ್ಲಿಂದ ಶುರುವಾಯಿತು ನೋಡಿ ನಮ್ಮ ಒಗ್ಗಟ್ಟು. ಸೀಟು ಅಕ್ಕೋರಿಗೇ, ಅದರಲ್ಲಿ ತಕರಾರಿಲ್ಲ. ಹಿಡಿದುಕೊಟ್ಟ ಪುಣ್ಯ ಯಾರದು ಎಂಬುದೇ ಜಗಳ. ಮೊದಲು ಬಿದ್ದದ್ದು ತನ್ನದೆಂದು ಕಾಕಾ, ಕೆಳಗಿರುವುದು ತನ್ನ ದುಪಟ್ಟಾ ಎಂದು ಚಾಚಿ. ಯೋಜನೆ ಯಾರದು ಎಂದು ನಾನು ದನಿ ಏರಿಸಿದೆ. ಅಷ್ಟರಲ್ಲಿ ಅಫಜಲಪುರದ ಮೇಲಿಂದ ಜೇವರ್ಗಿಗೆ ಮದುವೆಗೆ ಹೊರಟಿದ್ದ ದಪ್ಪನೆಯ ಮನುಷ್ಯರೊಬ್ಬರು ಬಂದು ಮೂರೂ ಬಟ್ಟೆಗಳ ಮೇಲೆ ಕೂತುಬಿಟ್ಟರು. ಏಳಿರಿ ಎಂದರೆ, ತಮ್ಮ ಜೇವರ್ಗಿ ಕಡೆ ಒಂದು ಸೀಟಿಗೆ ಒಂದೇ ಟವೆಲ್, ಮೂರು ಬಿದ್ದರೆ ಅದು ಯಾರದೂ ಅಲ್ಲ ಎಂದು ಕಣ್ಣು ಮುಚ್ಚಿದರು. ಅವರಡಿಯಿಂದ ದುಪಟ್ಟಾ ಎಳೆದುಕೊಳ್ಳಲು ಚಾಚಿಗೆ ಸಾಕುಸಾಕಾಯಿತು.

ಅಕ್ಕೋರಿಗೆ ಏನು ಮುಖ ತೋರಿಸುವುದು ಎಂದು ತಿರುಗಿ ನೋಡಿದರೆ, ಅಯ್ಯೋ, ಆಕೆ ಆಗಲೇ ಕೂತಿದ್ದಾಳೆ! ಅದೂ ಚೀಲದ ಸೀಟಿನಲ್ಲಿ, ಕಿಟಕಿ ಪಕ್ಕ. ಪಕ್ಕದ ಸೀಟಿನ ಮೇಲೆ ಸಾವ್ಕಾರರ ಟವೆಲ್ಲುಗಳು ಎರಡೂ ಒಂದರ ಮೇಲೊಂದು ಬಿದ್ದಿವೆ. ಕಿಟಕಿ ಸೀಟನ್ನು ಯಾರೋ ಹಿಡಿದಿರುವುದನ್ನು ಕಂಡ ಆಳು, ಎರಡು ಟವೆಲ್ ಹಾಕು ಎಂದು ಸಾವ್ಕಾರರು ಹೇಳಿದ್ದಕ್ಕೆ ಎರಡನ್ನೂ ಅಲ್ಲೇ ಹಾಕಿ ಹೋಗಿದ್ದ. ಬೇಡವ್ವ, ಕ್ರಾಸಿನಲ್ಲಿ ರಾದ್ಧಾಂತವಾಗುತ್ತದೆ ಎಂದು ಹೇಳಬೇಕೆಂದಿದ್ದೆ, ಗದ್ದಲದಲ್ಲಿ ಅವಳವರೆಗೆ ಹೋಗಲಾಗಲಿಲ್ಲ.

ಕ್ರಾಸಿನಲ್ಲಿ ಸಾವ್ಕಾರರು ಚೀಲದೊಂದಿಗೆ ಹತ್ತಿದರು. ಸೀಟಿನ ಮುಂದೆ ನಿಂತು ಆಕೆಯನ್ನೊಮ್ಮೆ, ಟವೆಲ್ಲುಗಳನ್ನೊಮ್ಮೆ ನೋಡಿದರು. ಯಾರನ್ನು ಕೇಳಿ ಕೂತಿ ಎಂದು ಅವರು ಕೇಳಿದ್ದಕ್ಕೆ ಆಕೆ ಮಡಿಲಿನಿಂದ ಒಂದು ಕುಂಚಿಗೆ ಎತ್ತಿ ತೋರಿಸಿದಳು. ಕೂಸಿನ ತಲೆಗೆ ಹಾಕುವ, ಹಸಿರು ಖಣದ ಹೊಸ ಕುಂಚಿಗೆ. ಆಕೆಯ ಅವ್ವ ಹೊಲಿದದ್ದು.

“ಇದನ್ನ ಹಾಕಿ ಹಿಡದೇನ್ರಿ. ಬಸ್ ನಿಂತ ಕೂಡ್ಲೆ, ಆ ಕಡಿ ಕಿಟಕಿಲಿಂದ. ಸೀಟ ನನ್ನ ಕೂಸಿಂದ್ರಿ.”

“ಕೂಸು ಎಲ್ಲದ?”

“ಬರಾಕತ್ತದ್ರಿ. ಹತ್ತೋ ಮನಷಾ ಮುಂದ ಯಾವಾಗರ ಹತ್ಲಿ ಅಂತ ನಿನ್ನೆ ನೀವ ಅಂದ್ರಿ.”

ಸಾವ್ಕಾರರು ನನ್ನ ಕಡೆ ತಿರುಗಿದರು. ಈ ಸಲ ಹೌದ್ರಿ ಎನ್ನಲು ನಾನು ಹಲ್ಲು ಕಡಿಯಬೇಕಾಗಲಿಲ್ಲ. ತಲೆಯನ್ನೂ ಜೋರಾಗಿ ಆಡಿಸಿದೆ.

ಅವರು ಸ್ವಲ್ಪ ದೂರ ನಿಂತೇ ಬಂದರು. ನಿನ್ನೆಯ ಅದೇ ತಗ್ಗಿಗೆ ಬಸ್ಸು ಎಗರಿತು. ಸಾವ್ಕಾರರು ತಮ್ಮ ಎರಡು ಟವೆಲ್ಲಿನ ಮೇಲೆ ಧಪ್ಪನೆ ಕೂತರು, ಮತ್ತೆ ಏಳಲಿಲ್ಲ. ಅಫಜಲಪುರ ಬರುವವರೆಗೂ ಚೀಲ ಅವರ ತೊಡೆಯ ಮೇಲಿತ್ತು. ಪಕ್ಕದಲ್ಲಿ ಅಕ್ಕೋರು ಕುಂಚಿಗೆಯನ್ನು ಹೊಟ್ಟೆಯ ಮೇಲಿಟ್ಟುಕೊಂಡು, ಕಿಟಕಿಗೆ ತಲೆಯಾನಿಸಿ ನಿದ್ದೆ ಹೋಗಿದ್ದಳು. ಆಕೆಗಾಗಿ ಒಗ್ಗಟ್ಟಾಗಿದ್ದ ನಾವು ಮೂವರೂ ಕಂಬ ಹಿಡಿದು ನಿಂತೇ ಹೋದೆವು.