ದಡದ ಮೇಲೆ ಕೂರುವವನ ಕೂಲಿ

ಈಜುಕೊಳದ ಕಾವಲಿನಲ್ಲೇ ತಲೆ ನರೆತ ಅವನನ್ನು ಎಲ್ಲರೂ ಮೊಸಳೆ ಎಂದೇ ಕರೆಯುತ್ತಿದ್ದರು. ನೀರಿಗಿಳಿದರೆ ಸದ್ದೇ ಇಲ್ಲ. ದಡಕ್ಕೆ ಬಂದರೆ ಬಾಯಿ ಮುಚ್ಚುತ್ತಿರಲಿಲ್ಲ. ದುಡ್ಡು ಕೊಟ್ಟು ಕಲಿಯಲಾರದ ಮಕ್ಕಳನ್ನು ಒಬ್ಬೊಬ್ಬ ಹಿರಿಯ ಈಜುಗಾರನ ಕೈಗೆ ಒಪ್ಪಿಸಬೇಕು, ವರ್ಷವಿಡೀ ಅವರು ಅಣ್ಣ ಅಕ್ಕಂದಿರಂತೆ ಬೆನ್ನಿಗಿದ್ದು ತಿದ್ದಬೇಕು ಎಂಬುದು ಅವನ ಬಹುಕಾಲದ ಹಂಬಲ. ಕೊನೆಗೂ ಮ್ಯಾನೇಜರು ಖರ್ಚಿನ ಅಂದಾಜು ತರಲು ಹೇಳಿದರು.

ಕೊಳದ ಬಾಡಿಗೆ, ಬಸ್ ಚಾರ್ಜು, ಈಜುಡುಗೆ, ಈಜಿ ಹಸಿದ ಹೊಟ್ಟೆಗೆ ಬ್ರೆಡ್ಡು ಹಾಲು. ಕೊನೆಯಲ್ಲಿ, ದಡದ ಮೇಲೆ ಕೂತು ಕಾಯುವವನ ಕೂಲಿ. ಮ್ಯಾನೇಜರ ಪೆನ್ನು ಅಲ್ಲೇ ನಿಂತಿತು.

"ಕಲಿಸೋರೆಲ್ಲ ನೀರಲ್ಲೇ ಇರ್ತಾರಲ್ಲಯ್ಯ. ಇವನೊಬ್ಬ ಯಾಕೆ, ಕುರ್ಚಿ ಬಿಸಿ ಮಾಡೋಕಾ?"

"ನೀರಲ್ಲಿರೋನಿಗೆ ತನ್ನ ಕೈಲಿರೋ ಮಗು ಮಾತ್ರ ಕಾಣುತ್ತೆ ಸಾರ್. ಪಕ್ಕದ್ದು ಮುಳುಗಿದ್ರೂ ಗೊತ್ತಾಗಲ್ಲ."

"ಹಾಗಾದ್ರೆ ಬಸ್ ಚಾರ್ಜು ತೆಗಿ. ಎರಡೂ ಆಗಲ್ಲ."

ಬಸ್ಸಿಲ್ಲದಿದ್ದರೆ ಮಕ್ಕಳೇ ಇಲ್ಲ. ಮೊಸಳೆ ಕತ್ತು ತುರಿಸಿಕೊಂಡ. "ಕೂಲಿ ಹೊಡೆದುಹಾಕಿ ಸಾರ್. ನನ್ನ ಡ್ಯೂಟಿ ಮುಗಿದ್ಮೇಲೆ ಸಂಜೆ ನಾನೇ ಕೂರ್ತೀನಿ."

ಮನೆಯಲ್ಲಿ ಹೆಂಡತಿ ಈರುಳ್ಳಿ ಹೆಚ್ಚುತ್ತಿದ್ದಳು. ಹೃದಯದ ಡಾಕ್ಟರು ದುಡಿಮೆ ಕಮ್ಮಿ ಮಾಡಿ ಎಂದು ಗದರಿದ್ದು ಅವಳೆದುರೇ.

"ಹಗಲೆಲ್ಲ ಆ ದಡದಲ್ಲಿ ಒಣಗಿದ್ದು ಸಾಲ್ದಾ? ನಿಮ್ಮನ್ನ ಕಾಯೋಕೆ ಆ ಲೆಕ್ಕದಲ್ಲಿ ಯಾರನ್ನ ಹಾಕಿದೀರಿ?"

"ಕೂತಿರೋ ಕೆಲಸ ಕಣೇ. ಮಾವನ ಮನೇಲಿ ಕೂತ ಹಾಗೆ."

"ನಮ್ಮಪ್ಪನ ಮನೇಲಿ ನೀವು ಯಾವತ್ತು ಸುಮ್ನೆ ಕೂತಿದ್ರಿ?"

ಅವನು ನಕ್ಕ. ಅವಳು ನಗಲಿಲ್ಲ.

ಸಂಜೆಯ ಪಾಠ ಶುರುವಾಯಿತು. ಅಲ್ಲಿ ಅವನದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಆಗಾಗ ಸೀಟಿ ಊದುತ್ತಿದ್ದ. ಕೇಳಿದ್ದೇ ತಡ, ಮಕ್ಕಳೆಲ್ಲ ಅಂಚು ಹಿಡಿಯಬೇಕು, ಕಲಿಸುವವರು ತಲೆ ಎಣಿಸಬೇಕು. ಸೀಟಿ ತಡವಾದರೂ ಮಕ್ಕಳನ್ನು ಅಂಚಿಗೆ ತಂದುಬಿಡಿ ಎಂದು ಅವರಿಗೆ ಹೇಳಿಟ್ಟಿದ್ದ.

ಎರಡನೆಯ ತಿಂಗಳ ಒಂದು ಸಂಜೆ ಸೀಟಿ ತಡವಾಯಿತು. ಕಲಿಸುತ್ತಿದ್ದ ಹೆಂಗಸೊಬ್ಬಳು ಎಲ್ಲರನ್ನೂ ಅಂಚಿಗೆ ಕೂಗಿದಳು.

"ಮೊಸಳೆ ಮಾಮ ನಿದ್ದೆ ಹೊಡೀತಿದಾರೆ!" ಎಂದು ಮಕ್ಕಳು ನೀರೆರಚಿ ನಕ್ಕರು.

ಅವನು ಕುರ್ಚಿಯಲ್ಲೇ ಒಂದು ಕಡೆಗೆ ವಾಲಿದ್ದ. ಕಣ್ಣು ತೆರೆದೇ ಇತ್ತು, ನೀರಿನ ಕಡೆಗೆ. ಅವಳು ಹತ್ತಿ ಬಂದು ಮುಟ್ಟಿ ನೋಡುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮಕ್ಕಳಲ್ಲಿ ಒಬ್ಬರಿಗೂ ಏನೂ ಆಗಿರಲಿಲ್ಲ. ಆದರೆ ಆ ಜಾಗಕ್ಕೆ ಇನ್ನೊಬ್ಬನನ್ನು ಕರೆತರಲು ಅಂದಾಜಿನಲ್ಲಿ ಬಿಡಿಗಾಸೂ ಇರಲಿಲ್ಲ. ಬಿಟ್ಟಿಯಾಗಿ ಕೂರಲು ಯಾರೂ ಮುಂದೆ ಬರಲಿಲ್ಲ. ಕಾಯುವವರಿಲ್ಲದೆ ಮಕ್ಕಳನ್ನು ಇಳಿಸಲು ಹಿರಿಯ ಈಜುಗಾರರು ಒಪ್ಪಲಿಲ್ಲ. ಅವರನ್ನು ಹಾಗೆ ಪಳಗಿಸಿದವನೇ ಅವನು. ತಿಂಗಳು ತುಂಬುವುದರೊಳಗೆ ಆ ಹೊತ್ತಿನ ನೀರು ದುಡ್ಡು ಕೊಡುವವರ ಪಾಲಾಯಿತು.