ಪುಟ್ಟಸ್ವಾಮಿಯವರ ಮದ್ದಿನ ಪುಸ್ತಕ

ನಾನು ಸುಳ್ಯದವಳು. ನಮ್ಮ ಕಡೆ ಜ್ವರಕ್ಕೂ ಮದ್ದು, ಕೆಮ್ಮಿಗೂ ಮದ್ದು, ದನದ ಕಾಲಿನ ಹುಣ್ಣಿಗೂ ಮದ್ದು. ಔಷಧಿ ಎಂಬ ಶಬ್ದ ನಮಗೆ ಪರೀಕ್ಷೆಯಲ್ಲಿ ಬರೆಯುವುದಕ್ಕೆ ಮಾತ್ರ. ಪುಟ್ಟಸ್ವಾಮಿಯವರು ಮೈಸೂರಿನವರು. ಅವರಿಗೆ ನುಂಗುವುದು ಮಾತ್ರೆ, ಕುಡಿಯುವುದು ಔಷಧಿ. ಮದ್ದು ಎಂದರೆ ಕೋವಿಗೆ ಹಾಕುವುದು. ಹದಿನೇಳು ವರ್ಷ ಈ ಒಂದು ಶಬ್ದವನ್ನಿಟ್ಟುಕೊಂಡು ನಾವಿಬ್ಬರೂ ಒಬ್ಬರನ್ನೊಬ್ಬರು ಕಾಡಿಸಿಕೊಂಡು ಬಂದೆವು. ಹೋದ ವರ್ಷ ಒಂದು ಶನಿವಾರ ಅದೇ ಶಬ್ದ ನನ್ನಿಂದ ಆಂಬುಲೆನ್ಸ್ ಕರೆಸಿತು.

ಅವರನ್ನು ಮೊದಲು ನೋಡಿದ್ದು ಮೆಲ್ಬರ್ನಿನ ಡ್ಯಾಂಡಿನಾಂಗ್‌ನಲ್ಲಿ. ಅಲ್ಲಿ ಅವರದೊಂದು ಫಾರ್ಮಸಿ ಇತ್ತು. ಒಂದು ಪಕ್ಕ ಅಫ್ಘಾನಿ ರೊಟ್ಟಿಯಂಗಡಿ, ಇನ್ನೊಂದು ಪಕ್ಕ ಮೊಬೈಲ್ ರಿಪೇರಿ. ನಾನು ಸ್ಟೂಡೆಂಟ್ ವೀಸಾದಲ್ಲಿ ಬಂದು ಫಾರ್ಮಸಿ ಓದುತ್ತಿದ್ದೆ. ಅವರ ಅಂಗಡಿಯಲ್ಲಿ ಸಹಾಯಕಿಯಾಗಿ ಸೇರಿಕೊಂಡೆ. ಎರಡನೆಯ ದಿನವೇ ಒಬ್ಬ ಕನ್ನಡದ ಹೆಂಗಸು ಬಂದಾಗ, ನನ್ನ ಭಾಷೆ ಸಿಕ್ಕಿದ ಖುಷಿಯಲ್ಲಿ, ಈ ಮದ್ದು ದಿನಕ್ಕೆ ಎರಡು ಸಲ, ಊಟ ಆದ ಮೇಲೆ ಎಂದೆ.

ಒಳಗಿನಿಂದ ಒಂದು ದನಿ ಬಂತು. "ಅಯ್ಯೋ ತಾಯಿ, ಮದ್ದು ಕೊಟ್ಟು ಕಳಿಸ್ಬೇಡ, ಅವ್ರ ಮನೆ ಹಾರೋಗುತ್ತೆ!"

ಆ ಹೆಂಗಸು ನಕ್ಕಳು. ನನಗೆ ಮೈಯೆಲ್ಲ ಉರಿಯಿತು. ಆದರೆ ಅಂದಿನಿಂದ ಪುಟ್ಟಸ್ವಾಮಿಯವರು ನನ್ನೊಡನೆ ಮಾತಾಡುವಾಗ ಕ್ರೋಸಿನ್ನಿಗೂ ಮದ್ದು ಎಂದೇ ಅನ್ನತೊಡಗಿದರು. ಮೊದಲು ಅಣಕಿಸಲು, ಆಮೇಲೆ ರೂಢಿಯಾಗಿ. ಅವರು ಫೋನಿನಲ್ಲಿದ್ದರೆ ಹೆಂಡತಿ ಗಿರಿಜಾ ಆಂಟಿ "ಏನ್ರೀ, ಯಾರ ಜೊತೆ ಮಾತಾಡ್ತಿದೀರ?" ಎಂದು ಕೇಳುವ ಅಗತ್ಯವೇ ಇರಲಿಲ್ಲ. ಮದ್ದು ಎಂದು ಕಿವಿಗೆ ಬಿದ್ದರೆ ಆ ಕಡೆ ಇರುವುದು ಅಪೇಕ್ಷಾ, ಅಂದರೆ ನಾನು, ಎಂದು ಅವರಿಗೆ ಗೊತ್ತು.

ಅಂಗಡಿಯಲ್ಲಿ ಅವರದೊಂದು ಕಟ್ಟುನಿಟ್ಟು ಇತ್ತು. ಡಬ್ಬಿಯ ಮೇಲಿನ ಹೆಸರನ್ನು ಮೂರು ಸಲ ಓದಬೇಕು: ಕಪಾಟಿನಿಂದ ತೆಗೆಯುವಾಗ, ಎಣಿಸುವಾಗ, ವಾಪಸ್ ಇಡುವಾಗ. ಮತ್ತೆ ಎರಡು ಸಹಿ. ತುಂಬಿದವರದು ಒಂದು, ನೋಡಿದವರದು ಒಂದು. ಒಮ್ಮೆ ನಾನು ಟ್ರೈನ್ ತಪ್ಪುತ್ತದೆಂದು ಡಬ್ಬಿಯ ಒಳಗೆ ನೋಡದೆಯೇ ನೋಡಿದವರ ಜಾಗದಲ್ಲಿ ಸಹಿ ಹಾಕಿಬಿಟ್ಟೆ. ಅವರು ಬೈಯಲಿಲ್ಲ. ಲೇಬಲ್ ಕಿತ್ತು, ಮಾತ್ರೆಗಳನ್ನೆಲ್ಲ ತಟ್ಟೆಗೆ ಸುರಿದು, ಮೊದಲಿನಿಂದ ಶುರು ಮಾಡು ಎಂದರು. ನಾನು ಹಿಂದಿನ ಕೋಣೆಯಲ್ಲಿ ಅತ್ತೆ. ಹತ್ತು ನಿಮಿಷದ ನಂತರ ಪಕ್ಕದಂಗಡಿಯ ಬಿಸಿ ರೊಟ್ಟಿ ತಂದು ಕೈಗಿಟ್ಟು, "ನಾನು ತಪ್ಪು ಮಾಡಲ್ಲ ಅಂತ ನಂಬ್ಕೊಂಡೇ ನೀನು ಸಹಿ ಹಾಕಿದ್ದು. ಅದೇ ತಪ್ಪು ಕಣಮ್ಮ" ಎಂದರು. ಮೂವತ್ತೊಂದು ವರ್ಷ ಅಂಗಡಿ ನಡೆಸಿ ಒಂದೂ ತಪ್ಪು ಮಾತ್ರೆ ಕೊಡದ ಮನುಷ್ಯ ಅವರು.

ಈಗ ಅವರ ಇನ್ನೊಂದು ಮದ್ದಿನ ವಿಷಯ. ಮೈಸೂರಿನಲ್ಲಿ ಕಾಲೇಜು ಓದುವಾಗ ಎನ್‌ಸಿಸಿಯಲ್ಲಿ ಗುರಿ ಹೊಡೆದು ಒಂದು ಸ್ಟೀಲ್ ಲೋಟ ಬಹುಮಾನ ತಂದಿದ್ದರಂತೆ. ಆ ಹುಚ್ಚು ನಲವತ್ತು ವರ್ಷ ಮಲಗಿತ್ತು. ಡ್ಯಾಂಡಿನಾಂಗ್‌ನಲ್ಲಿ ಬಿಪಿ ಮಾತ್ರೆಗೆ ಬರುತ್ತಿದ್ದ ಕ್ರೊಯೇಷಿಯಾದ ಮುದುಕನೊಬ್ಬ ಅದನ್ನು ಎಬ್ಬಿಸಿದ. ಅವನೇ ಇವರನ್ನು ತನ್ನ ಶೂಟಿಂಗ್ ಕ್ಲಬ್ಬಿಗೆ ಕರೆದುಕೊಂಡು ಹೋದ. ಲೈಸೆನ್ಸ್ ಆಯಿತು, ಕಬ್ಬಿಣದ ಸೇಫ್ ಬಂತು, ಒಂದು ರೈಫಲ್ ಬಂತು, ಎರಡು ವರ್ಷದ ನಂತರ ಒಂದು ಪಿಸ್ತೂಲೂ ಬಂತು. ಪ್ರಾಣಿ ಪಕ್ಷಿಯ ತಂಟೆಗೆ ಎಂದೂ ಹೋಗಲಿಲ್ಲ. ಅವರ ಬೇಟೆಯೆಲ್ಲ ಕಾಗದದ ಮೇಲಿನ ಕಪ್ಪು ವೃತ್ತ.

"ಕಾಗದಕ್ಕೆ ತೂತು ಮಾಡೋಕೆ ನನ್ ಹೊಲಿಗೆ ಸೂಜಿ ಸಾಕಿತ್ತಲ್ರೀ" ಎಂದು ಗಿರಿಜಾ ಆಂಟಿ ಇವತ್ತಿಗೂ ಅನ್ನುತ್ತಾರೆ.

ಐದು ವರ್ಷದ ಹಿಂದೆ ಅಂಗಡಿ ಮಾರಿ, ಮಗಳ ಮನೆ ಹತ್ತಿರವಾಗಲೆಂದು ಸಿಡ್ನಿಯ ಕೆಲ್ಲಿವಿಲ್‌ಗೆ ಬಂದರು. ನಾನು ಆಗಲೇ ಮದುವೆಯಾಗಿ ಅಲ್ಲೇ ಹತ್ತಿರದ ಮಾರ್ಸ್ಡನ್ ಪಾರ್ಕಿನಲ್ಲಿದ್ದೆ. ಇಲ್ಲಿನ ಎಲ್ಲ ಮನೆಗಳಂತೆ ಅವರದಕ್ಕೂ ಎರಡು ಕಾರಿನ ಗ್ಯಾರೇಜ್. ಒಂದು ಕಾರಿನ ಜಾಗದಲ್ಲಿ ಕಾರು, ಇನ್ನೊಂದರಲ್ಲಿ ಪುಟ್ಟಸ್ವಾಮಿಯವರ ಬೆಂಚು. ಹೀಗಾಗಿ ಆಂಟಿಯ ಕಾರು ಆಲಿಕಲ್ಲು ಬಿದ್ದರೂ ಬೀದಿಯಲ್ಲೇ.

ಆ ಬೆಂಚಿನ ಮೇಲೆ ಅವರು ಹಾರಿಸಿ ಖಾಲಿಯಾದ ಹಿತ್ತಾಳೆ ತೋಟಾಗಳನ್ನು ತೊಳೆದು, ಒರೆಸಿ, ಮತ್ತೆ ಮದ್ದು ತುಂಬಿ, ಗುಂಡು ಕೂರಿಸುತ್ತಿದ್ದರು. ಇದಕ್ಕೆ ರೀಲೋಡಿಂಗ್ ಎನ್ನುತ್ತಾರೆ. ನನಗೆ ಬಂದೂಕು ಕಂಡರೆ ಆಗದು, ಈಗಲೂ ಆಗದು. ಆದರೆ ಅವರು ಮದ್ದು ಆರಿಸಿದ ಬಗೆಯನ್ನು ಕೇಳಿ ಮೆಚ್ಚದೆ ಇರಲಾಗಲಿಲ್ಲ. ಕ್ಲಬ್ಬಿನವರು ಒಬ್ಬೊಬ್ಬರು ಒಂದೊಂದು ಹೇಳಿದರು. ಇದು ಅಗ್ಗ, ಇದು ಚುರುಕು, ಇದರಲ್ಲಿ ಹೊಗೆ ಕಡಿಮೆ. ಇವರು ಯಾರ ಮಾತಿಗೂ ಹೂಂ ಎನ್ನದೆ, ತಯಾರಕರ ಕೈಪಿಡಿ ತರಿಸಿ ನಾಲ್ಕು ತಿಂಗಳು ಓದಿದರು. ಮದ್ದಿನ ತೂಕ ಗ್ರೇನ್ ಎಂಬ ಹಳೆಯ ಅಳತೆಯಲ್ಲಿ ಇರುವುದು ಕಂಡು ಅವರಿಗೆ ಹಳೆಯ ಗೆಳೆಯ ಸಿಕ್ಕಷ್ಟು ಸಂತೋಷ. ಅವರು ಓದುವ ಕಾಲದಲ್ಲಿ ಮಾತ್ರೆಯ ತೂಕವೂ ಗ್ರೇನಿನಲ್ಲೇ ಇತ್ತಂತೆ.

ಪಿಸ್ತೂಲಿನ ಮದ್ದು ಬೇಗ ಉರಿಯುವಂಥದ್ದು, ರೈಫಲಿನದು ನಿಧಾನಕ್ಕೆ. ಒಂದರ ಜಾಗಕ್ಕೆ ಇನ್ನೊಂದು ಹೋದರೆ ಬಂದೂಕೇ ಕೈಯಲ್ಲಿ ಸಿಡಿಯಬಹುದು. ಅದಕ್ಕೆ ಅವರು ಕಣ್ಣಿಗೆ ಬೇರೆ ಬೇರೆ ಕಾಣುವ ಎರಡನ್ನು ಆರಿಸಿದರು. ಪಿಸ್ತೂಲಿನದು ಪುಟ್ಟ ಪುಟ್ಟ ಬಿಲ್ಲೆ, ರೈಫಲಿನದು ಕತ್ತರಿಸಿದ ಶ್ಯಾವಿಗೆಯ ಹಾಗೆ ಕಡ್ಡಿ ಕಡ್ಡಿ. ಅಷ್ಟೇ ಅಲ್ಲ, ಆ ಬಿಲ್ಲೆ ಮದ್ದು ಎಷ್ಟು ಉಬ್ಬಿಕೊಂಡಿರುತ್ತದೆಂದರೆ, ಮರೆತು ಎರಡು ಸಲ ತುಂಬಿದರೆ ತೋಟಾದ ಬಾಯಿಂದ ಹೊರಗೆ ಚೆಲ್ಲುತ್ತದೆ.

"ಜೋರಾಗಿರೋದು ಬೇಡ ಕಣಮ್ಮ. ನಾನು ತಪ್ಪು ಮಾಡಿದ್ರೆ ಮುಖಕ್ಕೆ ಹೊಡೆದಂಗೆ ಹೇಳ್ಬೇಕು, ಅಂಥ ಮದ್ದು ಬೇಕು" ಎಂದಿದ್ದರು.

ಅಲ್ಲಿಯೂ ಅಂಗಡಿಯ ಕಟ್ಟುನಿಟ್ಟೇ. ಬೆಂಚಿನ ಮೇಲೆ ಒಂದು ಸಲಕ್ಕೆ ಒಂದೇ ಡಬ್ಬಿ. ಕೆಲಸ ಮುಗಿದರೆ, ಡಬ್ಬಿಯ ಮದ್ದನ್ನು ಸುರಿದುಕೊಂಡು ತೋಟಾಗಳಿಗೆ ಅಳೆದು ತುಂಬುವ ಆಲಿಕೆ ಖಾಲಿ. ಯಾವುದೆಂದು ಗೊತ್ತಿಲ್ಲದ ಪುಡಿ ಚಿಟಿಕೆಯಷ್ಟಿದ್ದರೂ ಹಿತ್ತಲಿನ ಕರಿಬೇವಿನ ಬುಡಕ್ಕೆ, ಗೊಬ್ಬರವಾಗಿ. ಎಲ್ಲವನ್ನೂ ಒಂದು ಉದ್ದ ಪುಸ್ತಕದಲ್ಲಿ ಬರೆದಿಡುತ್ತಿದ್ದರು. ತಾರೀಖು, ಮದ್ದಿನ ಹೆಸರು, ತೂಕ, ತುಂಬಿದವರ ಸಹಿ. ಕೊನೆಯಲ್ಲಿ ನೋಡಿದವರ ಸಹಿಗೂ ಒಂದು ಕಾಲಂ ಎಳೆದಿದ್ದರು, ಆದರೆ ಗ್ಯಾರೇಜಿನಲ್ಲಿ ಎರಡನೆಯವರು ಯಾರಿದ್ದಾರೆ? ಪುಟ ಪುಟವೂ ಆ ಕಾಲಂ ಖಾಲಿಯೇ ಇತ್ತು.

ಆ ಶನಿವಾರ ಮಧ್ಯಾಹ್ನ ನಾನು ಬಟ್ಟೆ ಒಣಗಿಸುತ್ತಿದ್ದೆ. ಫೋನ್ ಬಂತು.

"ಅಪೇಕ್ಷಾ, ಮದ್ದು ಬೆರೆತೋಗಿದೆ ಕಣಮ್ಮ. ಯಾವಾಗ ಬೆರೀತು, ಎಷ್ಟು ಹೋಯ್ತು, ನೆನಪಾಗ್ತಿಲ್ಲ. ಗಿರಿಜಾ ಕ್ಯಾಸಲ್ ಹಿಲ್‌ಗೆ ಹೋಗಿದಾಳೆ. ನೀನು ಬರ್ತೀಯಾ?"

ದನಿ ಸಣ್ಣಗಿತ್ತು. ನಾನು ಮಾತಾಡುವಷ್ಟರಲ್ಲಿ ಫೋನ್ ಇಟ್ಟರು. ತಿರುಗಿ ಮಾಡಿದರೆ ಎತ್ತಲಿಲ್ಲ. ನನ್ನ ತಲೆಗೆ ಹೊಳೆದದ್ದು ಒಂದೇ. ಎಪ್ಪತ್ತೆರಡು ವಯಸ್ಸು, ಬಿಪಿ, ಶುಗರ್. ಮಾತ್ರೆಗಳನ್ನು ಕಲಸಿಕೊಂಡು ನುಂಗಿದ್ದಾರೆ. ನಾನು ಫಾರ್ಮಸಿಸ್ಟ್, ಅದರಿಂದ ಏನೇನಾಗಬಹುದೆಂದು ಬೇರೆಯವರಿಗಿಂತ ಹೆಚ್ಚು ಗೊತ್ತು. ಕಾರು ಹತ್ತುತ್ತಲೇ ಟ್ರಿಪಲ್ ಜೀರೋಗೆ ಫೋನ್ ಮಾಡಿ ಆಂಬುಲೆನ್ಸ್ ಕರೆದೆ. ದಾರಿಯುದ್ದಕ್ಕೂ ಅಳುತ್ತ, ಮುಂದಿನ ಕಾರಿನವರಿಗೆಲ್ಲ ಶಾಪ ಹಾಕುತ್ತ ಕೆಲ್ಲಿವಿಲ್ ಮುಟ್ಟಿದೆ.

ಆಂಬುಲೆನ್ಸ್ ನನಗಿಂತ ಮೊದಲೇ ಬಂದಿತ್ತು. ಗ್ಯಾರೇಜಿನ ಬಾಗಿಲು ತೆರೆದಿತ್ತು. ಪುಟ್ಟಸ್ವಾಮಿಯವರು ಏಪ್ರನ್ ಕಟ್ಟಿಕೊಂಡು, ಕನ್ನಡಕ ಹಣೆಗೇರಿಸಿಕೊಂಡು ನಿಂತಿದ್ದರು. ಪ್ಯಾರಾಮೆಡಿಕ್ ಹುಡುಗಿ ಯಾವ ಮಾತ್ರೆ ಎಷ್ಟು ತೆಗೆದುಕೊಂಡಿರಿ ಎಂದು ಇಂಗ್ಲಿಷಿನಲ್ಲಿ ಕೇಳುತ್ತಿದ್ದಳು, ಇವರು ಯಾವ ಮಾತ್ರೆ ಎಂದು ಅವಳನ್ನೇ ಕೇಳುತ್ತಿದ್ದರು. ಬೆಂಚಿನ ಮೇಲೆ ಮದ್ದಿನ ಆಲಿಕೆ. ಅದರೊಳಗೆ ಬಿಲ್ಲೆಯೂ ಕಡ್ಡಿಯೂ ಸೇರಿಕೊಂಡದ್ದು ಹತ್ತಿರ ಹೋಗುತ್ತಲೇ ಕಂಡಿತು.

"ಎಂತದು ಅಂಕಲ್ ಇದು! ಈ ಮದ್ದಾ? ನಾನು ನಿಮ್ಮ ಮಾತ್ರೆ ಅಂತ ತಿಳ್ಕೊಂಡೆ ಮಾರಾಯ್ರೆ! ಸರಿಯಾಗಿ ಹೇಳ್ಲಿಕ್ಕೆ ಎಂತ ಆಗಿತ್ತು ನಿಮ್ಗೆ?"

"ಮದ್ದು ಅಂದ್ನಲ್ಲಮ್ಮ" ಎಂದರು ಅವರು, ಪಾಪದ ಮುಖ ಮಾಡಿ.

ನಾನು ಆ ಹುಡುಗಿಗೆ ನಮ್ಮ ಭಾಷೆಯಲ್ಲಿ ಎರಡಕ್ಕೂ ಒಂದೇ ಶಬ್ದ ಎಂದು ವಿವರಿಸಬೇಕಾಯಿತು. ಅವಳು ನಕ್ಕು, ಬಂದದ್ದು ಬಂದಾಯಿತು ಎಂದು ಅವರ ಬಿಪಿ ನೋಡಿದಳು. ಸ್ವಲ್ಪ ಕಡಿಮೆ ಇದೆ, ನೀರು ಕುಡಿಯಿರಿ, ಸೋಮವಾರ ನಿಮ್ಮ ಡಾಕ್ಟರಿಗೆ ತೋರಿಸಿ ಎಂದಳು. ಇವತ್ತಿನ ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿದಾಗ ಇವರು ಹೌದೆಂದು ಜೋರಾಗಿ ತಲೆಯಾಡಿಸಿದರು. ಆಂಬುಲೆನ್ಸ್ ಹೋಯಿತು. ಇಣುಕುತ್ತಿದ್ದ ಎದುರುಮನೆಯವರು ಪರದೆ ಎಳೆದುಕೊಂಡರು. ನಾನು ಇನ್ನೂ ನಾಲ್ಕು ಮಾತು ಬೈಯಬೇಕೆಂದು ತಿರುಗಿದರೆ, ಅವರು ಸ್ಟೂಲಿನ ಮೇಲೆ ಕುಸಿದು ಕೂತಿದ್ದರು. ನನ್ನ ಸಿಟ್ಟೆಲ್ಲ ಇಳಿದುಹೋಯಿತು.

ಮುಂದಿನ ವಾರ ಮೆಲ್ಬರ್ನಿನ ಹಳೆಯ ಕ್ಲಬ್ಬಿನ ವಾರ್ಷಿಕ ಪಂದ್ಯ. ವರ್ಷವಿಡೀ ಅವರು ಕಾಯುವುದು ಅದೊಂದಕ್ಕೇ. ಅದಕ್ಕಾಗಿ ಪಿಸ್ತೂಲಿನ ನಲವತ್ತು ತೋಟಾ ತುಂಬಿ ಮುಗಿಸಿ, ಆಲಿಕೆ ಖಾಲಿ ಮಾಡಲು ನೋಡಿದರೆ ಒಳಗೆ ರೈಫಲಿನ ಕಡ್ಡಿಗಳು. ಎರಡೂ ಡಬ್ಬಿಗಳ ಮುಚ್ಚಳ ತೆರೆದಿತ್ತು. ಎರಡನೆಯ ಡಬ್ಬಿಯನ್ನು ಕಪಾಟಿನಿಂದ ತೆಗೆದದ್ದೇ ಅವರಿಗೆ ನೆನಪಿಲ್ಲ. ಸುರಿದದ್ದು ನಲವತ್ತೂ ತುಂಬಿದ ಮೇಲೋ, ನಡುವೆಯೋ?

"ನಾನೇ ತೆಗ್ದಿರೋದು. ಇನ್ಯಾರೂ ಇಲ್ವಲ್ಲ ಇಲ್ಲಿ" ಎಂದರು.

ನಲವತ್ತನ್ನೂ ಒಡೆದು ನೋಡುವುದೆಂದು ತೀರ್ಮಾನವಾಯಿತು. ಅದಕ್ಕೊಂದು ಸುತ್ತಿಗೆಯಂಥ ಉಪಕರಣವಿದೆ. ತೋಟಾವನ್ನು ಅದರೊಳಗೆ ಸಿಕ್ಕಿಸಿ ಮರದ ತುಂಡಿಗೆ ಕುಟ್ಟಿದರೆ ಗುಂಡು ಕಳಚಿ ಮದ್ದು ಹೊರಬರುತ್ತದೆ. ಅವರು ಕುಟ್ಟಿದರು. ನಾನು ಬಿಳಿ ತಟ್ಟೆಯಲ್ಲಿ ಸುರಿದು, ಹಳೆಯ ಮಾತ್ರೆ ಎಣಿಸುವ ಚಮಚದಿಂದ ಹರಡಿ ನೋಡಿದೆ. ಬಿಲ್ಲೆ. ಬಿಲ್ಲೆ. ಬಿಲ್ಲೆ. ಒಂದೊಂದು ಸಲವೂ ಅವರು ಉಸಿರು ಹಿಡಿದು ನನ್ನ ಮುಖ ನೋಡುತ್ತಿದ್ದರು. ಹೀಗೆ ಒಂದೂವರೆ ಗಂಟೆ. ನಲವತ್ತರಲ್ಲೂ ಒಂದು ಕಡ್ಡಿ ಇರಲಿಲ್ಲ.

"ನೋಡಿ, ಎಲ್ಲ ಸರಿ ಉಂಟು! ಸುಮ್ನೆ ಹೆದರಿದ್ರಿ" ಎಂದೆ. ನನಗೆ ಕುಣಿಯುವಷ್ಟು ಖುಷಿಯಾಗಿತ್ತು.

ಅವರಿಗೆ ಆಗಲಿಲ್ಲ. "ಸರಿ ಇದ್ವು ನಿಜ. ಆದ್ರೆ ಸರಿ ಇವೆ ಅಂತ ನಂಗೆ ಗೊತ್ತಿರ್ಲಿಲ್ವಲ್ಲಮ್ಮ" ಎಂದರು.

ಅವರು ತಟ್ಟೆಯ ಮದ್ದನ್ನೂ ಆಲಿಕೆಯ ಮದ್ದನ್ನೂ ಕರಿಬೇವಿನ ಬುಡಕ್ಕೆ ತೆಳ್ಳಗೆ ಉದುರಿಸಿ ಬಂದರು. ಎರಡು ಡಬ್ಬಿಗಳ ಮುಚ್ಚಳ ಬಿಗಿಮಾಡಿ, ಕಪಾಟಿಗೆ ಬೀಗ ಹಾಕಿ, ಇಲ್ಲಿನ ಕ್ಲಬ್ಬಿನ ಸೆಕ್ರೆಟರಿಗೆ ಫೋನ್ ಮಾಡಿ, ಸೇಫಿನಲ್ಲಿರುವ ಬಂದೂಕುಗಳನ್ನೂ ಈ ಡಬ್ಬಿಗಳನ್ನೂ ಕ್ಲಬ್ಬಿನ ಸುಪರ್ದಿಗೆ ತೆಗೆದುಕೊಳ್ಳಲು ಏನು ಕಾಗದ ಬೇಕೆಂದು ಕೇಳಿದರು. ಪಂದ್ಯಕ್ಕೆ ಈ ಸಲ ನೋಡಲು ಮಾತ್ರ ಹೋಗುತ್ತೇನೆ ಎಂದರು. ಆ ಬೆಂಚು ಅವರಿಗೆ ಏನೆಂದು ನನಗೆ ಗೊತ್ತಿತ್ತು.

ಹೊರಡಲು ಕೀ ತೆಗೆದುಕೊಂಡೆ. "ಒಂದ್ನಿಮಿಷ ನಿಲ್ಲು" ಎಂದು ಅವರು ಒಳಗೆ ಹೋದರು. ಬರುವಾಗ ಕೈಯಲ್ಲಿ ಅವರ ವಾರದ ಮಾತ್ರೆಯ ಪೆಟ್ಟಿಗೆ ಇತ್ತು, ದಿನಕ್ಕೊಂದು ಮುಚ್ಚಳವಿರುವ ನೀಲಿ ಪ್ಲಾಸ್ಟಿಕ್ಕಿನದು. ಪ್ರತಿ ಭಾನುವಾರ ರಾತ್ರಿ ತಾವೇ ತುಂಬುತ್ತಿದ್ದರು. ಅದನ್ನು ಬೆಂಚಿನ ಮೇಲೆ ನನ್ನ ಮುಂದಿಟ್ಟು, ಅಂಗಡಿಯಲ್ಲಿ ನಿಲ್ಲುತ್ತಿದ್ದ ಹಾಗೆಯೇ ಕೈಕಟ್ಟಿ ನಿಂತರು.

ಶನಿವಾರ ಖಾಲಿ. ಶುಕ್ರವಾರದ ಮಾತ್ರೆ ಹಾಗೇ ಇತ್ತು. ನಾಳೆಯ ಭಾನುವಾರದಲ್ಲಿ ಬಿಪಿಯದು ಎರಡು, ಶುಗರಿನದು ಇಲ್ಲ. ಆ ಬೆಳಿಗ್ಗೆ ಶನಿವಾರದ್ದರಲ್ಲಿ ಎಷ್ಟಿದ್ದವೋ ದೇವರಿಗೇ ಗೊತ್ತು.

"ನೀನು ಆಂಬುಲೆನ್ಸ್ ಕರೆದಿದ್ದು ಪೂರ್ತಿ ತಪ್ಪೇನಲ್ಲ" ಎಂದರು. "ಎರಡು ತಿಂಗಳಿಂದ ಹಿಂಗಾಗ್ತಿದೆ. ಗಿರಿಜಾಗೆ ಹೇಳಿಲ್ಲ."

"ನಾನು ಹೇಳ್ತೇನೆ. ಇವತ್ತೇ ಹೇಳ್ತೇನೆ."

"ಹೇಳು. ಹೇಳ್ತೀಯ ಅಂತಾನೇ ನಿನ್ನ ಕರೆದಿದ್ದು."

ಅವರು ಮದ್ದಿನ ಪುಸ್ತಕ ತೆಗೆದು ಹೊಸ ಪುಟದಲ್ಲಿ ತಾರೀಖು ಬರೆದರು. ಮಾತ್ರೆಗಳ ಡಬ್ಬಿಗಳನ್ನು ತಂದು, ಏಳೂ ಮನೆಗಳನ್ನು ಖಾಲಿ ಮಾಡಿ, ಮೊದಲಿನಿಂದ ಒಂದೊಂದಾಗಿ ತುಂಬಿದರು. ತುಂಬಿದವರ ಕಾಲಮಿನಲ್ಲಿ ಸಹಿ ಹಾಕಿ, ಪೆನ್ನನ್ನು ನನ್ನ ಕಡೆ ತಳ್ಳಿದರು.

ಸರಿಯಾಗಿಯೇ ತುಂಬಿದ್ದರು, ನಾನು ಪಕ್ಕದಲ್ಲೇ ನಿಂತು ನೋಡಿದ್ದೆ. ಆದರೂ ಏಳು ಮುಚ್ಚಳಗಳನ್ನೂ ಮತ್ತೆ ತೆರೆದೆ. ಕಣ್ಣು ಮಂಜಾಗಿ ಎರಡು ಸಲ ಒರೆಸಿಕೊಳ್ಳಬೇಕಾಯಿತು. ಮೂರು ಸಲ ಓದಿದೆ, ಆಮೇಲೆ ಸಹಿ ಹಾಕಿದೆ.