ಕೋಳಿಗೂಡು ಕಟ್ಟಿಸಿದ ನಮ್ಮ ಕೃಷಿ ಟೀಚರ್

ಶಾಲಾಮಕ್ಕಳಿಗೆ ಕೃಷಿ ಬೋಧಿಸಿದವರು ಹಲವರಿದ್ದಾರೆ; ಆ ಪಾಠವನ್ನು ಕಪ್ಪುಹಲಗೆಯಿಂದ ಇಳಿಸಿ ಮಕ್ಕಳ ಉಗುರುಸಂದಿಗೆ ತಲುಪಿಸಿದವರು ವಿರಳ. ಈ ವರ್ಷ ಸೇವೆಯಿಂದ ನಿವೃತ್ತರಾಗುತ್ತಿರುವ ನಮ್ಮ ಹಿರಿಯ ಸಹೋದ್ಯೋಗಿ, ಮಕ್ಕಳ ಪ್ರೀತಿಯ 'ಕೃಷಿ ಟೀಚರ್', ಅಂಥ ವಿರಳರಲ್ಲೊಬ್ಬರು.

ಅವರು ಬಂದು ಸೇರಿದಾಗ ಶಾಲೆಯ ಹಿತ್ತಲು ಮುರಿದ ಬೆಂಚುಗಳ ರಾಶಿಯಾಗಿತ್ತು. ಒಂದೇ ಮಳೆಗಾಲದಲ್ಲಿ ಅಲ್ಲಿ ಸೊಪ್ಪಿನ ಮಡಿಗಳು ಎದ್ದವು, ಗೊಬ್ಬರದ ಗುಂಡಿ ಬಂತು, ಆಮೇಲೆ ತಂತಿಬಲೆಯ ಕೋಳಿಗೂಡೂ ಬಂತು. ಬಿತ್ತಿದ ಮರುದಿನವೇ ಮಣ್ಣು ಕೆದಕಿ ನೋಡುವ ಪುಟಾಣಿಗಳಿಗೆ, "ಮಲಗಿರೋ ಮಗೂನ ಗಳಿಗೆಗೊಮ್ಮೆ ಎಬ್ಬಿಸಿದ್ರೆ ಅದು ಬೆಳೆಯುತ್ತೇನ್ರೋ?" ಎಂದು ನಗುತ್ತಿದ್ದರು. ತಾಯಿಯನ್ನು ಕಳೆದುಕೊಂಡು ಯಾರೊಡನೆಯೂ ಬೆರೆಯದೆ ಮೂಲೆ ಹಿಡಿದಿದ್ದ ಹುಡುಗಿಯೊಬ್ಬಳ ಕೈಗೆ ಕೋಳಿಗೂಡಿನ ಕೀಲಿಕೈಯನ್ನೇ ಕೊಟ್ಟುಬಿಟ್ಟರು. ಹುಡುಗಿ ಮರಿಗಳನ್ನು ಅಂಗೈಯಲ್ಲಿಟ್ಟು ಸಾಕಿದಳು. ಮರಿಗಳ ಜೊತೆ ಮಾತಾಡುತ್ತಾ ಮನುಷ್ಯರ ಜೊತೆಗೂ ಮಾತಾಡತೊಡಗಿದಳು.

ಆ ವರ್ಷವೇ ಹಕ್ಕಿಜ್ವರ ಬಂತು. ರೋಗವಿರಲಿ, ಬಿಡಲಿ, ಸುತ್ತಲಿನ ಕೋಳಿಗಳನ್ನೆಲ್ಲ ಕೊಲ್ಲಲೇಬೇಕೆಂದು ಪಶುವೈದ್ಯರು ತಿಳಿಸಿದರು. "ಬೇರೆ ಕಡೆ ಕಳಿಸಿದ್ವಿ ಅಂದ್ಬಿಡಿ ಮೇಡಂ, ಮಕ್ಕಳು ನಾಲ್ಕು ದಿನ ಅತ್ತು ಮರೀತಾರೆ," ಎಂದರು ಮುಖ್ಯೋಪಾಧ್ಯಾಯರು. ಟೀಚರ್ ಒಪ್ಪಲಿಲ್ಲ. ಸಾಕುವುದನ್ನು ಕಲಿಸಿದವರು ಕಳೆದುಕೊಳ್ಳುವುದನ್ನು ಮುಚ್ಚಿಡಬಾರದೆಂಬುದು ಅವರ ನಿಲುವು. ಮಕ್ಕಳನ್ನು ಕೂರಿಸಿಕೊಂಡು ಇದ್ದದ್ದನ್ನು ಇದ್ದ ಹಾಗೆ ಹೇಳಿದರು.

ಕೋಳಿಗಳನ್ನು ಒಯ್ಯಲು ವೈದ್ಯರು ಬಂದಾಗ ಟೀಚರ್ ಗೂಡಿಗೆ ಹೋಗಿ ನೋಡಿದರೆ ಒಂದು ಕೋಳಿ ಕಾಣೆಯಾಗಿತ್ತು. ಸಲಕರಣೆಗಳ ಕೋಣೆಯಲ್ಲಿ, ಗೋಣಿಚೀಲಗಳ ಹಿಂದೆ ಆ ಹುಡುಗಿ ಅದನ್ನು ಅವಚಿಕೊಂಡು ಕೂತಿದ್ದಳು.

"ಇದಕ್ಕೇನೂ ಆಗಿಲ್ಲ ಟೀಚರ್. ನೋಡಿ, ಕಾಳು ತಿಂತಾ ಇದೆ."

"ಗೊತ್ತು ಮಗಳೇ. ಆದ್ರೂ ಕೊಡ್ಬೇಕು. ನಿನಗೇ ರೋಗ ತಗುಲಿದ್ರೆ ನಾನೇನು ಮಾಡ್ಲಿ?"

"ಹಾಗಾದ್ರೆ ಸಾಕೋಕೆ ಯಾಕೆ ಕಲಿಸಿದ್ರಿ?"

ಟೀಚರ್ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕೋಳಿಯನ್ನು ತೆಗೆದುಕೊಂಡರು. ಮನಸ್ಸು ಕಲ್ಲು ಮಾಡಿಕೊಂಡು ಹೋಗಿ ವೈದ್ಯರಿಗೆ ಒಪ್ಪಿಸಿದರು. ಮಕ್ಕಳೆಲ್ಲ ಮನೆಗೆ ಹೋದಮೇಲೆ ಅದೇ ಕೋಣೆಯ ಬಾಗಿಲು ಹಾಕಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಹುಡುಗಿ ಕೀಲಿಕೈಯನ್ನು ಮೇಜಿನ ಮೇಲಿಟ್ಟು ಹೋದವಳು, ಶಾಲೆ ಮುಗಿಸುವವರೆಗೂ ಅವರೊಡನೆ ಒಂದು ಮಾತೂ ಆಡಲಿಲ್ಲ.

ಮುಂದೆ ಗೂಡು ಮತ್ತೆ ತುಂಬಿತು. ಕಾಲು ತೊಳೆದು ಒಳಹೋಗುವುದು, ಹೊಸ ಕೋಳಿಯನ್ನು ಕೆಲದಿನ ಬೇರೆಯಿಟ್ಟು ನೋಡುವುದು ಪಾಠಕ್ಕೆ ಸೇರಿದವು. ಅವರ ಕೈಕೆಳಗೆ ಪಳಗಿದ ಎಷ್ಟೋ ಮಂದಿ ಇಂದು ಒಳ್ಳೆಯ ರೈತರು. ನಾವು ಹೊಗಳಿದರೆ ಮಾತ್ರ, "ಒಬ್ಬಳನ್ನು ಕಳ್ಕೊಂಡೆನಲ್ಲ," ಎಂದು ಮಾತು ತೇಲಿಸಿಬಿಡುತ್ತಿದ್ದರು.

ಕಳೆದ ವಾರ ಆ ಹುಡುಗಿಯೇ, ಈಗ ತಾಯಿಯಾಗಿ, ತನ್ನ ಮಗಳನ್ನು ನಮ್ಮ ಶಾಲೆಗೆ ಸೇರಿಸಲು ಬಂದಳು. ಹಿತ್ತಲಿಗೆ ಬಂದು, ಮಡಿಯಲ್ಲಿ ಕಳೆ ಕೀಳುತ್ತಿದ್ದ ಟೀಚರನ್ನು ಕೇಳಿದಳು: "ಅವತ್ತು ನಿಮಗೆ ಅಳು ಬರಲೇ ಇಲ್ವಾ ಟೀಚರ್?"

"ಬಂತು ಕಣೇ. ನೀನು ಹೋದಮೇಲೆ ಅತ್ತೆ."

"ನನ್ನೆದುರಿಗೇ ಅತ್ತಿದ್ರೆ ಆಗ್ತಿತ್ತು. ಇಷ್ಟು ವರ್ಷ ನನಗೊಬ್ಬಳಿಗೇ ದುಃಖ ಅನ್ಕೊಂಡಿದ್ದೆ."

ಮಣ್ಣು ಮೆತ್ತಿದ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ, ಟೀಚರ್ ಈ ಸಲ ಅವಳೆದುರಿಗೇ ಅತ್ತರು.

ಅವರ ಆಯುಷ್ಯ ಬೆಳೆಯಲಿ, ಮಡಿಗೆ ಬಗ್ಗುವ ಸೊಂಟಕ್ಕೆ ಬಲವಿರಲಿ. ನಿವೃತ್ತಿಯ ಮಾರನೆಯ ಬೆಳಿಗ್ಗೆಯೇ ಬಂದು ಆ ಶಿಷ್ಯೆಯ ಪುಟ್ಟ ಮಗಳಿಗೆ ಬೀಜ ಬಿತ್ತುವುದನ್ನು ತೋರಿಸುತ್ತೇನೆಂದಿದ್ದಾರೆ. ಹಿತ್ತಲ ಬಾಗಿಲನ್ನು ನಾವು ತೆರೆದೇ ಇಟ್ಟಿರುತ್ತೇವೆ.